ರಿವರ್ಬ್‌ಗೆ ಕನ್ನಡದಲ್ಲಿ ಏನಂತೀರಿ? (ಎಕೋ ಅಲ್ಲ)

ಎಲ್ಲರಿಗೂ ನಮಸ್ಕಾರ. ರಿವರ್ಬ್ (ಖಾಲಿ ಕೋಣೇಲೋ ದೊಡ್ಡ ಸಭಾಂಗಣದಲ್ಲೋ ಸದ್ದು ನಿಂತ್ಮೇಲೂ ಗುಂಯ್ ಅಂತ ಉಳಿಯುತ್ತಲ್ಲ, ಅದು) ಅನ್ನೋ ಒಂದು ಪದ ಒಂದು ವಾರದಿಂದ ತಲೆ ತಿಂತಿದೆ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ನಮ್ಮಣ್ಣನ ಮಗಳು ಹೊಸ ಗಿಟಾರು ತಂದಿದಾಳೆ, ಯಮಾಹಾದವರ ಟ್ರಾನ್ಸ್‌ಅಕೂಸ್ಟಿಕ್ ಅನ್ನೋದು, 2016ರಿಂದ ಮಾರ್ತಿದಾರೆ. ನೋಡೋಕೆ ಮಾಮೂಲಿ ಮರದ ಗಿಟಾರೇ. ಆಂಪ್ ಇಲ್ಲ, ವೈರ್ ಇಲ್ಲ, ಸ್ಪೀಕರ್ ಅಂತೂ ಇಲ್ವೇ ಇಲ್ಲ, ಆದ್ರೆ ಪಕ್ಕದಲ್ಲಿರೋ ಪುಟಾಣಿ ನಾಬ್ ತಿರುಗಿಸಿ ಮೀಟಿದ್ರೆ ದೊಡ್ಡ ಸಭಾಂಗಣದಲ್ಲಿ ನುಡಿಸ್ದಂಗೆ ಗುಂಯ್ ಅಂತ ಕೇಳುತ್ತೆ! ಒಳಗೆ ಏನಿದೆ ಅಂದ್ರೆ, ತಂತಿಯ ನಡುಕವನ್ನ ಕುದುರೆ (ತಂತಿ ಕೂರೋ ಬ್ರಿಡ್ಜ್) ಕೆಳಗಿರೋ ಪಿಕಪ್, ಅಂದ್ರೆ ನಡುಕಾನ ಸಿಗ್ನಲ್ ಮಾಡೋ ಪುಟ್ಟ ಸಾಧನ, ಹಿಡಿಯುತ್ತೆ, ಸರ್ಕ್ಯೂಟು ಅದಕ್ಕೆ ರಿವರ್ಬೋ ಕೋರಸ್ಸೋ (ಇದರ ಕಥೆ ಆಮೇಲೆ) ಬೆರೆಸುತ್ತೆ, ಆ ಸಿಗ್ನಲ್ಲು ಬೆನ್ನಿನ ಹಲಗೆಗೆ ಒಳಗಡೆಯಿಂದ ಕೂರಿಸಿರೋ ಆಕ್ಚುಯೇಟರ್‌ಗೆ ಹೋಗುತ್ತೆ, ಅದು ಮರವನ್ನೇ ನಡುಗಿಸುತ್ತೆ. ಸ್ಪೀಕರ್ ಮಾಡೋ ಕೆಲಸಾನ ಗಿಟಾರಿನ ಒಡಲೇ ಮಾಡ್ಬಿಡುತ್ತೆ. ಇಷ್ಟಕ್ಕೆಲ್ಲ ಎರಡು ಪೆನ್ಸಿಲ್ ಸೆಲ್ಲು ಸಾಕು. 1957ರಲ್ಲಿ ಜರ್ಮನಿಯಲ್ಲಿ ಬಂದ ಇಎಂಟಿ 140 ಅನ್ನೋ ಸ್ಟುಡಿಯೋ ಯಂತ್ರ ಇದೇ ರಿವರ್ಬ್‌ಗೋಸ್ಕರ ಒಂದು ದೊಡ್ಡ ಉಕ್ಕಿನ ತಗಡು ನೇತುಹಾಕ್ಕೊಂಡು ಅದನ್ನ ನಡುಗಿಸ್ತಿತ್ತು, ತೂಕ ಸುಮಾರು 270 ಕೆಜಿ.

ಈಗ ಇದರ ಬಗ್ಗೆ ಕನ್ನಡದಲ್ಲಿ ವಿಡಿಯೋ ಮಾಡ್ತಾಳಂತೆ, "ಚಿಕ್ಕಪ್ಪ, ಸ್ಕ್ರಿಪ್ಟ್ ನೀವೇ ಬರ್ಕೊಡಿ" ಅಂದ್ಲು, ನಾನೂ ಜಂಬದಿಂದ ಹೂಂ ಅಂದೆ. ಮೊದಲನೇ ಸಾಲಲ್ಲೇ ಸಿಕ್ಕಾಕ್ಕೊಂಡೆ.

ರಿವರ್ಬ್‌ಗೆ ಜನ ಬಳಸೋ ಪದ ಒಂದಿದೆ: ಎಕೋ. ಗಣಪತಿ ಪೆಂಡಾಲಲ್ಲಿ ಆರ್ಕೆಸ್ಟ್ರಾ ಹಾಡೋರು ಮೈಕ್‌ಸೆಟ್ ಹುಡುಗನ ಕಡೆ ತಿರುಗಿ "ಸ್ವಲ್ಪ ಎಕೋ ಬಿಡಪ್ಪಾ" ಅಂತಾರಲ್ಲ, ಅವರು ಕೇಳ್ತಿರೋದು ಬಹಳ ಸಲ ರಿವರ್ಬೇ. ಆದ್ರೆ ಗಿಟಾರು ನುಡಿಸೋರಿಗೆ ಎರಡೂ ಬೇರೆ ಬೇರೆ, ಎರಡಕ್ಕೂ ಬೇರೆ ಬೇರೆ ಪೆಡಲ್ (ಕಾಲಲ್ಲಿ ಒತ್ತೋ ಎಫೆಕ್ಟ್ ಪೆಟ್ಟಿಗೆ) ಇದೆ. ಶಾಲೇಲಿ ಓದಿದ್ದು ನೆನಪಿರಬೇಕು, ಪ್ರತಿಧ್ವನಿ ಬೇರೆಯಾಗಿ ಕೇಳಿಸ್ಬೇಕಂದ್ರೆ ಗೋಡೆ ಹತ್ತಿರ ಹತ್ತಿರ 17 ಮೀಟರಾದ್ರೂ ದೂರ ಇರ್ಬೇಕು, ಅದಕ್ಕಿಂತ ಹತ್ರ ಇದ್ರೆ ಸದ್ದು ಬಂದಿದ್ದರ ಮೇಲೆ ಬಂದು ಒಂದಕ್ಕೊಂದು ಕಲಸಿಹೋಗುತ್ತೆ. ಹಾಗೆ ಕಲಸಿಹೋಗಿದ್ದೇ ರಿವರ್ಬು. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದ್ರೆ ಏಳು ಸಲ ವಾಪಸ್ ಬರುತ್ತೆ ಅಂತ ಗೈಡ್‌ಗಳು ಬೆರಳು ಮಡಚಿ ಎಣಿಸ್ತಾರಲ್ಲ, ಅದು ಎಕೋ. ಹೊಸ ಮನೆಗೆ ಸುಣ್ಣ ಹೊಡೆಸಿ ಇನ್ನೂ ಸಾಮಾನು ಇಡೋ ಮೊದಲು ಒಳಗೆ ನಿಂತು ಮಾತಾಡಿದ್ರೆ ದನಿ ಒಂಥರಾ ದಪ್ಪ ಆಗಿ ಗೋಡೆಗೆಲ್ಲ ಹಚ್ಕೊಳ್ಳುತ್ತಲ್ಲ, ಅದು ರಿವರ್ಬ್. ಒಂದನ್ನ ಎಣಿಸ್ಬಹುದು, ಇನ್ನೊಂದನ್ನ ಆಗಲ್ಲ.

ಎಣಿಸಕ್ಕಾಗೋದಕ್ಕೆ ನಮ್ಮಲ್ಲಿ ಮಾರ್ದನಿ ಅನ್ನೋ ಚೆಂದದ ಪದಾನೇ ಇದೆ, ತಕರಾರಿಲ್ಲ. ಎಣಿಸಕ್ಕಾಗದೇ ಇರೋದಕ್ಕೆ?

ಅನುರಣನ ಅಂತ ಕೆಲವರು ಹೇಳಬಹುದು. ನನಗೆ ಆ ಪದದ ಮೇಲೆ ಪ್ರೀತಿ ಇದೆ. ಕಾವ್ಯಮೀಮಾಂಸೆ ಓದಿದೋರಿಗೆ ಗೊತ್ತಿರುತ್ತೆ, 9ನೇ ಶತಮಾನದ ಆನಂದವರ್ಧನನ ಧ್ವನಿವಿಚಾರದಲ್ಲಿ ಇದೇ ಪದ ಬರುತ್ತೆ, ಗಂಟೆ ಹೊಡೆದ ಮೇಲೂ ನಾದ ಉಳಿಯೋ ಹಾಗೆ ಮಾತಿನ ನೇರ ಅರ್ಥ ಮುಗಿದ ಮೇಲೆ ಹಿಂದಿಂದ ಹೊಳೆಯೋ ಅರ್ಥ. ಇದಕ್ಕಿಂತ ಒಳ್ಳೆ ರಿವರ್ಬ್ ವಿವರಣೆ ಯಾವ ಮ್ಯಾನ್ಯುಯಲ್‌ನಲ್ಲೂ ಸಿಗಲ್ಲ ಬಿಡಿ. ಆದ್ರೆ ತೊಂದರೆ ಎರಡು. ವಿಜ್ಞಾನ ಬರೆಯೋರಲ್ಲಿ ಕೆಲವರು ಇದನ್ನ ರೆಸೊನೆನ್ಸ್‌ಗೂ (ಅನುನಾದ, ಒಂದರ ನಡುಕಕ್ಕೆ ಇನ್ನೊಂದು ತಾನೂ ನಡುಗಿ ದನಿಗೂಡಿಸೋದು) ಬಳಸ್ತಾರೆ, ಈ ಗಿಟಾರಲ್ಲಂತೂ ಎರಡೂ ನಡೀತಾ ಇರುತ್ತೆ, ಮರ ಅನುನಾದ ಮಾಡುತ್ತೆ ಸರ್ಕ್ಯೂಟು ರಿವರ್ಬ್ ಮಾಡುತ್ತೆ. ಎರಡನೇದು, ಇಪ್ಪತ್ತು ವರ್ಷದ ಹುಡುಗಿ ಕ್ಯಾಮೆರಾ ಮುಂದೆ "ಈಗ ಅನುರಣನ ಜಾಸ್ತಿ ಮಾಡೋಣ" ಅಂದ್ರೆ ರೇಡಿಯೋ ವಾರ್ತೆ ಓದಿದಂಗಿರುತ್ತೆ.

ಹೀಗೆ ಒದ್ದಾಡ್ತಿರೋವಾಗ ನಮ್ಮಮ್ಮ ಅಡುಗೆಮನೆಯಿಂದಾನೇ ಕೂಗಿದ್ರು, "ಅದೇನೇ ಅದು, ಬಾವಿಯೊಳಗೆ ಕೂತ್ಕೊಂಡು ನುಡಿಸ್ದಂಗಿದೆ!" ಆಗ ನಾಬು ಹಾಲ್ ಕಡೆ ಇತ್ತು (ರಿವರ್ಬಲ್ಲಿ ರೂಮ್ ಅಂತ ಒಂದು ಹಾಲ್ ಅಂತ ಒಂದು ಇದೆ). ರೂಮ್‌ಗೆ ತಿರುಗಿಸಿ ಕೇಳಿಸಿದ್ವಿ. "ಈಗ ಬಚ್ಚಲುಮನೆ" ಅಂದ್ರು. ಮ್ಯಾನ್ಯುಯಲ್ ಓದದೇನೇ ಎರಡೂ ಸೆಟ್ಟಿಂಗಿಗೂ ಕನ್ನಡ ಹೆಸರಿಟ್ಟು ಒಗ್ಗರಣೆ ಹಾಕೋಕೆ ಹೋದ್ರು.

ಅದಾದ ಮೇಲೆ ನನಗೆ ಹೊಳೆದಿದ್ದು ಗುಂಗು. ದುಂಬಿಯ ಗುಂಯ್ಗುಡೋ ಸದ್ದೂ ಅದರಲ್ಲಿದೆ, ಹಾಡು ನಿಂತ್ಮೇಲೂ ಕಿವೀಲಿ ಉಳಿಯೋದೂ ಇದೆ. "ಸ್ವಲ್ಪ ಗುಂಗು ಕೊಡಿ", "ಗುಂಗು ಜಾಸ್ತಿ ಆಯ್ತು, ಮಾತು ಅರ್ಥ ಆಗ್ತಿಲ್ಲ", ಎರಡೂ ಬಾಯಲ್ಲಿ ಸಲೀಸಾಗಿ ಕೂರುತ್ತೆ. ಹುಡುಗಿ ಒಪ್ಪಲಿಲ್ಲ, "ಗುಂಗು ಅಂದ್ರೆ ಯಾವ್ದೋ ಯೋಚ್ನೇಲಿ ಇರೋದಲ್ವಾ ಚಿಕ್ಕಪ್ಪ, ಗಿಟಾರು ಗುಂಗಲ್ಲಿದೆ ಅಂದ್ರೆ ನಗ್ತಾರೆ" ಅಂದ್ಲು. ನಗಲಿ ಅಂತ ನನ್ನ ವಾದ, ಆದ್ರೂ ನಿಮ್ಮ ಅಭಿಪ್ರಾಯ ಬೇಕು.

ಕೋರಸ್ ಇನ್ನೂ ಕಷ್ಟ. ನಮಗೆ ಕೋರಸ್ ಅಂದ್ರೆ ಹಿಂದೆ ನಿಂತು ಹಾಡೋರು. ಈ ಎಫೆಕ್ಟು ಮಾಡೋದು ಏನಂದ್ರೆ ಸದ್ದಿನ ಒಂದು ನಕಲು ತಗೊಂಡು ಚೂರು ತಡ ಮಾಡಿ ಶ್ರುತೀನ ಚೂರು ಅಲ್ಲಾಡಿಸಿ ಅಸಲಿಗೇ ಬೆರೆಸೋದು, ಒಂದೇ ಗಿಟಾರು ಎರಡು ಮೂರು ಇದ್ದಂಗೆ ಕೇಳುತ್ತೆ (ಪೆಡಲ್ ರೂಪದಲ್ಲಿ ಇದು ಬಂದಿದ್ದು 1976ರ ಬಾಸ್ ಕಂಪನಿಯ ಸಿಇ-1ರಿಂದ). ಹಿಮ್ಮೇಳ ಅನ್ನೋಣ ಅಂದ್ರೆ ಯಕ್ಷಗಾನದವರು ಸುಮ್ನಿರಲ್ಲ, ಅಲ್ಲಿ ಭಾಗವತರು ಚೆಂಡೆ ಮದ್ದಳೆ ಎಲ್ಲ ಸೇರಿ ಹಿಮ್ಮೇಳ. ಮೇಳದನಿ? ಬಲವಂತದ ಮದುವೆ ಥರ ಇದೆ. ನಾನಂತೂ ಕೋರಸ್ ಅಂತಾನೇ ಬಿಟ್ಟೆ. ಡಿಲೇ (ಸದ್ದನ್ನ ತಡವಾಗಿ ಮತ್ತೆ ಕೇಳಿಸೋ ಎಫೆಕ್ಟು) ಈ ಗಿಟಾರಲ್ಲಿ ಇಲ್ಲ, ಪುಣ್ಯ, ಇಲ್ದಿದ್ರೆ "ವಿಳಂಬ" ಅಂತ ಬರೆದು ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್ ಆಗ್ತಿತ್ತು.

ಇನ್ನು ಗಿಟಾರಿಗೇ ಏನನ್ನೋದು. ಅಂಗಡೀಲಿ ಇಂಥದ್ದನ್ನೆಲ್ಲ ಒಟ್ಟಾಗಿ "ಸೆಮಿ ಅಕೂಸ್ಟಿಕ್" ಅಂತಾರೆ, ಪಿಕಪ್ ಇರೋ ಯಾವ ಮರದ ಗಿಟಾರಾದ್ರೂ ನಮ್ಮಲ್ಲಿ ಸೆಮಿನೇ. ಅಮೆರಿಕದವರಿಗೆ ಸೆಮಿ ಅಂದ್ರೆ ಬೇರೇನೇ, ಒಳಗೆ ಟೊಳ್ಳಿರೋ ಎಲೆಕ್ಟ್ರಿಕ್ ಗಿಟಾರು, 1958ರ ಗಿಬ್ಸನ್ ಇಎಸ್-335 ಥರದ್ದು. ಅಕೂಸ್ಟಿಕ್ ಅನ್ನೋ ವಿಶೇಷಣಾನೇ ಎಲೆಕ್ಟ್ರಿಕ್ ಬಂದ್ಮೇಲೆ ಅಂಟಿದ್ದು ತಾನೆ, ನಮ್ಮಲ್ಲಿ ಬರೀ ಗಾಡಿ ಅನ್ನೋದು ಬೈಕಿಗೆ ಹೋಗಿ ಹಳೇದು ಎತ್ತಿನ ಗಾಡಿ ಆದ ಹಾಗೆ.

ಆದ್ರೆ ವಾದ್ಯದ ಒಡಲಲ್ಲೇ ಎಫೆಕ್ಟ್ ಇಡೋದು ನಮಗೇನೂ ಹೊಸದಲ್ಲ ಅಂತ ನನಗೆ ಅನ್ಸುತ್ತೆ. ತಂಬೂರಿ ಕುದುರೆ ಮೇಲೆ ತಂತಿ ಅಡೀಲಿ ಒಂದೆಳೆ ನೂಲು ತೂರಿಸ್ತಾರಲ್ಲ, ಅದನ್ನ ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸ್ತಾ ಹೋದ್ರೆ ಒಂದು ಜಾಗದಲ್ಲಿ ತಂತಿ ಇದ್ದಕ್ಕಿದ್ದಂಗೆ ಝೇಂಕರಿಸುತ್ತೆ. ಆ ನೂಲಿಗೆ ಜೀವಾಳ ಅಂತಾರೆ. ಸೆಲ್ಲೂ ಬೇಡ ನಾಬೂ ಬೇಡ. ಹಿಂದೂಸ್ತಾನಿಯವರ ಜವಾರಿಯೂ ಇದೇ ಝೇಂಕಾರದ ಮಾತು (ಉತ್ತರ ಕರ್ನಾಟಕದ ಜವಾರಿ ಕೋಳಿ ಬೇರೆ, ಇಲ್ಲಿ ಎಳೀಬೇಡಿ). ಹಾಗಾಗಿ "ಜೀವಾಳ ಗಿಟಾರು" ಅಂದ್ರೆ ಹೇಗೆ? ಅಥವಾ ತಂಬೂರಿಯವರ ಪದ ಕದ್ದಂಗಾಗುತ್ತಾ?

ಸ್ಕ್ರಿಪ್ಟು ಭಾನುವಾರದೊಳಗೆ ಕೊಡ್ಬೇಕು. ಮುಖ್ಯವಾಗಿ ಇಷ್ಟು ಹೇಳಿ: ದೇವಸ್ಥಾನದ ದೊಡ್ಡ ಗಂಟೆ ಹೊಡೆದು ಕೈ ಬಿಟ್ಮೇಲೆ ಗರ್ಭಗುಡಿ ತುಂಬ ಉಳಿಯುತ್ತಲ್ಲ ಒಂದು ಸದ್ದು, ಅದಕ್ಕೆ ನಿಮ್ಮ ಕಡೆ, ಕುಂದಾಪುರ, ಧಾರವಾಡ, ಕೊಳ್ಳೇಗಾಲ ಎಲ್ಲಾದ್ರೂ ಸರಿ, ಮನೇಲಿ ಹಿರಿಯರು ಏನಂತಾರೆ? ನಿಘಂಟಿನ ಪದ ಬೇಡ, ಬಾಯಲ್ಲಿರೋದು ಬೇಕು.