ಫೆಬ್ರವರಿ ಸಂಬಳದಲ್ಲಿ 400 ರೂಪಾಯಿ ಕಡಿಮೆ, ಇದು ಹೊಸ ಲೇಬರ್ ಕೋಡ್ ಕೆಲಸವಾ?

ಯೂನಿಫಾರ್ಮ್ ಅಂಗಡಿ, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಪಿ.ಬಿ. ರಸ್ತೆ ಹತ್ತಿರ ನಮ್ಮದು ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಯೂನಿಟ್. ಒಟ್ಟು 22 ಜನ. ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಎರಡೂ ಇದೆ. ಇಷ್ಟು ದಿನ ಸಂಬಳದ ಲೆಕ್ಕ ಎಕ್ಸೆಲ್‌ನಲ್ಲಿತ್ತು. ಈ ಫೆಬ್ರವರಿಯಿಂದ ಪೇರೋಲ್ ಸಾಫ್ಟ್‌ವೇರ್‌ಗೆ ಬಂದಿದ್ದೇವೆ. ಹೊಲಿಯುವವರ ಸಂಬಳದಲ್ಲಿ ಏನೂ ವ್ಯತ್ಯಾಸ ಇಲ್ಲ. ಕಟಿಂಗ್ ಮಾಸ್ಟರ್‌ಗೆ ಮಾತ್ರ ಕೈಗೆ ಬರುವುದು 400 ರೂಪಾಯಿ ಕಡಿಮೆಯಾಗಿದೆ. ಸ್ಲಿಪ್ ಹಿಡಿದುಕೊಂಡು ಬೆಳಗ್ಗೆಯಿಂದ ಎರಡು ಸಲ ಕೇಳಿದರು.

ಅವರ ಸಂಬಳ ಹೀಗಿದೆ: ಬೇಸಿಕ್ ಮತ್ತು ಡಿಎ 12,500, ಮನೆ ಬಾಡಿಗೆ ಭತ್ಯೆ 7,000, ಓಡಾಟದ ಭತ್ಯೆ 3,000, ಸ್ಪೆಷಲ್ ಅಲೊವೆನ್ಸ್ 5,500. ಒಟ್ಟು 28,000. ವಾಟ್ಸಾಪ್‌ನಲ್ಲಿ ನೋಡಿದರೆ ಕೇಂದ್ರದ ಹೊಸ ಕಾರ್ಮಿಕ ಕಾನೂನಿನ (ಲೇಬರ್ ಕೋಡ್) ಪ್ರಕಾರ ಬೇಸಿಕ್ ಅರ್ಧ ಇರಲೇಬೇಕಂತೆ, ಒಂದೇ ವರ್ಷಕ್ಕೆ ಎಲ್ಲರಿಗೂ ಗ್ರಾಚ್ಯುಟಿಯಂತೆ (ಕೆಲಸ ಬಿಡುವಾಗ ಸಿಗುವ ಇಡಿಗಂಟು). ಸಾಫ್ಟ್‌ವೇರ್ ತಪ್ಪಾ, ಕಾನೂನು ಬದಲಾಗಿದೆಯಾ, ಯಾರಾದರೂ ತಿಳಿಸಿ.

ಚಳ್ಳಕೆರೆ ಎಣ್ಣೆಮಿಲ್:
ಬೇಸಿಕ್ 14,000 ಮಾಡಿ ಸರ್. ನಮ್ಮ ಆಡಿಟರ್ ಎಲ್ಲರಿಗೂ ಅದನ್ನೇ ಮಾಡಿಸಿದ್ದಾರೆ. ಹೊಸ ಕೋಡ್‌ನಲ್ಲಿ 50 ಪರ್ಸೆಂಟ್ ಕಡ್ಡಾಯ.

ಲೆಡ್ಜರ್ ಅಕ್ಕ:
ಅಣ್ಣಾ, ಸ್ವಲ್ಪ ತಡೆಯಿರಿ. ಈಗಲೇ ಬೇಸಿಕ್ ಮುಟ್ಟಬೇಡಿ. ಮೊದಲು ಜನವರಿ ಸ್ಲಿಪ್, ಫೆಬ್ರವರಿ ಸ್ಲಿಪ್ ಎರಡನ್ನೂ ಪಕ್ಕಪಕ್ಕ ಇಟ್ಟು ಕಡಿತದ ಸಾಲುಗಳನ್ನಷ್ಟೇ ಇಲ್ಲಿ ಹಾಕಿ. ನಿವ್ವಳ ಸಂಬಳ ನೋಡಿದರೆ ಏನೂ ಗೊತ್ತಾಗಲ್ಲ.

ಯೂನಿಫಾರ್ಮ್ ಅಂಗಡಿ, ದಾವಣಗೆರೆ:
ಜನವರಿ: ಪಿಎಫ್ 1,500, ವೃತ್ತಿ ತೆರಿಗೆ 200.
ಫೆಬ್ರವರಿ: ಪಿಎಫ್ 1,800, ವೃತ್ತಿ ತೆರಿಗೆ 300.
ಇಎಸ್‌ಐ ಎರಡರಲ್ಲೂ ಸೊನ್ನೆ.

ಲೆಡ್ಜರ್ ಅಕ್ಕ:
ಸಿಕ್ಕಿತು ನೋಡಿ. ಎರಡು ಬೇರೆ ಬೇರೆ ವಿಷಯ ಒಂದೇ ತಿಂಗಳು ಬಂದು ಬಿದ್ದಿವೆ. ತಮಾಷೆ ಅಂದರೆ ಎರಡೂ ಹೊಸ ಲೇಬರ್ ಕೋಡ್‌ನಿಂದ ಶುರುವಾಗಿದ್ದಲ್ಲ.

100 ರೂಪಾಯಿ ರಾಜ್ಯ ಸರ್ಕಾರದ್ದು. 25,000 ಮತ್ತು ಮೇಲಿನ ಸಂಬಳಕ್ಕೆ ತಿಂಗಳಿಗೆ 200 ವೃತ್ತಿ ತೆರಿಗೆ. 2025ರ ಏಪ್ರಿಲ್‌ನಿಂದ ಫೆಬ್ರವರಿ ಒಂದು ತಿಂಗಳು ಮಾತ್ರ 300 ಮಾಡಿದ್ದಾರೆ, ವರ್ಷಕ್ಕೆ ಸರಿಯಾಗಿ 2,500 ಆಗಲಿ ಅಂತ. ಮಾರ್ಚ್‌ನಲ್ಲಿ ಮತ್ತೆ 200 ಬರುತ್ತದೆ. ನಿಮ್ಮ ಹೊಲಿಯುವವರು ಯಾರೂ 25,000 ಮುಟ್ಟದಿದ್ದರೆ ಅವರಿಗೆ ಇದು ಇಲ್ಲವೇ ಇಲ್ಲ.

300 ರೂಪಾಯಿ ಪಿಎಫ್‌ದು. ಎಕ್ಸೆಲ್‌ನಲ್ಲಿ ನೀವು 12,500ಕ್ಕೆ ಮಾತ್ರ 12 ಪರ್ಸೆಂಟ್ ಹಾಕುತ್ತಿದ್ದಿರಿ, ಅದು 1,500. ಸಾಫ್ಟ್‌ವೇರ್ ಸ್ಪೆಷಲ್ ಅಲೊವೆನ್ಸನ್ನೂ ಸೇರಿಸಿ 18,000 ಮಾಡಿ, ಪಿಎಫ್‌ನ 15,000 ಮಿತಿಗೆ ಕತ್ತರಿಸಿ 1,800 ಹಿಡಿದಿದೆ. ಕೆಲಸಕ್ಕೂ ಹಾಜರಿಗೂ ಸಂಬಂಧವಿಲ್ಲದೆ ತಿಂಗಳು ತಿಂಗಳು ಸುಮ್ನೆ ಕೊಡುವ ಸ್ಪೆಷಲ್ ಅಲೊವೆನ್ಸನ್ನು ಪಿಎಫ್‌ನಿಂದ ಹೊರಗಿಡಲು ಆಗಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ಹೇಳಿದೆ. ಆಗ ಯಾರೂ ಫಾರ್ವರ್ಡ್ ಮಾಡಲಿಲ್ಲ ಅಷ್ಟೆ! ಆಗ ವಾದ ಮಾಡಲು ಸ್ವಲ್ಪ ಜಾಗವಾದರೂ ಇತ್ತು. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಕೋಡ್ ಆ ಜಾಗವನ್ನೂ ಮುಚ್ಚಿದೆ.

ಇನ್ನು 50 ಪರ್ಸೆಂಟ್ ಮಾತು. ಕೋಡ್‌ನಲ್ಲಿ ಎಲ್ಲೂ 'ಬೇಸಿಕ್ ಅರ್ಧ ಮಾಡಿ' ಅಂತ ಇಲ್ಲ. ಮನೆ ಬಾಡಿಗೆ, ಓಡಾಟ, ಓವರ್‌ಟೈಮ್, ಕಮಿಷನ್ ಹೀಗೆ ಕೆಲವನ್ನು ವೇತನದ ಲೆಕ್ಕದಿಂದ ಹೊರಗಿಡಬಹುದು. ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದಷ್ಟನ್ನು ಒಳಗೆ ತರಬೇಕು. ನಿಮ್ಮ ಮಾಸ್ಟರ್‌ಗೆ ಹೊರಗಿರುವುದು 7,000 ಮತ್ತು 3,000, ಅಂದರೆ 10,000. ಅರ್ಧ ಅಂದರೆ 14,000. ದಾಟಿಲ್ಲ. ಸ್ಪೆಷಲ್ ಅಲೊವೆನ್ಸ್ ಆ ಹೊರಗಿನ ಪಟ್ಟಿಯಲ್ಲೇ ಇಲ್ಲ, ಹಾಗಾಗಿ ಅದು ತಾನಾಗಿಯೇ ಒಳಗಿದೆ.

ಚಳ್ಳಕೆರೆ ಎಣ್ಣೆಮಿಲ್:
ಅದೆಲ್ಲ ಸರಿ ಮೇಡಂ. ಆದರೆ ನಾಳೆ ಯಾರಾದರೂ ಚೆಕ್ಕಿಂಗ್‌ಗೆ ಬಂದರೆ ಅವರ ಮುಂದೆ ಲೆಕ್ಕ ಬಿಡಿಸುತ್ತಾ ಕೂರೋರು ಯಾರು? ಬೇಸಿಕ್ ಅರ್ಧ ಇದ್ದರೆ ತಲೆನೋವಿಲ್ಲ.

ಲೆಡ್ಜರ್ ಅಕ್ಕ:
ಮಾಡಿದರೆ ತಪ್ಪೇನಿಲ್ಲ. ಆದರೆ ಇವರ ಸಮಸ್ಯೆಗೆ ಅದು ಪರಿಹಾರ ಅಲ್ಲ ಅಲ್ವಾ? ಬೇಸಿಕ್ 14,000 ಮಾಡಿ ಸ್ಪೆಷಲ್ 4,000ಕ್ಕೆ ಇಳಿಸಿದರೂ ಮೊತ್ತ ಅದೇ 18,000, ಪಿಎಫ್ ಅದೇ 1,800.

ಅಣ್ಣಾ, ನಾನು ನಿಮ್ಮ ಜಾಗದಲ್ಲಿದ್ದರೆ ಚಿಂತೆ ಮಾಡುತ್ತಿದ್ದದ್ದು ಆ ಇಎಸ್‌ಐ ಸೊನ್ನೆ ಬಗ್ಗೆ. ಒಟ್ಟು 28,000 ಇದೆ, ಇಎಸ್‌ಐ ಮಿತಿ 21,000 ದಾಟಿದೆ ಅಂತ ಮಾಸ್ಟರ್‌ನ ಹೊರಗಿಟ್ಟಿದ್ದೀರಿ. ಪಿಎಫ್, ಇಎಸ್‌ಐ, ಗ್ರಾಚ್ಯುಟಿ ಮೂರಕ್ಕೂ ಈಗ ಹೊಸ ಕೋಡ್‌ಗಳಲ್ಲೊಂದಾದ ಸಾಮಾಜಿಕ ಭದ್ರತೆ ಕೋಡ್‌ನಲ್ಲಿರುವ ವೇತನದ ಒಂದೇ ವ್ಯಾಖ್ಯೆ. ಅದರ ಪ್ರಕಾರ ಅವರ ವೇತನ 18,000, ಮಿತಿಯ ಒಳಗೆ. ಸಾಫ್ಟ್‌ವೇರ್‌ನಲ್ಲಿ ಅವರ ಹೆಸರಿನ ಮುಂದೆ 'ಇಎಸ್‌ಐ ಅನ್ವಯಿಸಲ್ಲ' ಅನ್ನುವ ಹಳೆಯ ಟಿಕ್ ಹಾಗೇ ಇರಬೇಕು, ನೋಡಿ. ತೆಗೆದರೆ ಅವರ ಪಾಲು 0.75 ಪರ್ಸೆಂಟ್, 135 ರೂಪಾಯಿ. ನಿಮ್ಮದು 3.25, ಅಂದರೆ 585. ಇಎಸ್‌ಐ ಆಫೀಸಿಗೆ ಸ್ಲಿಪ್ ತೆಗೆದುಕೊಂಡು ಹೋಗಿ, ಯಾವ ತಿಂಗಳಿಂದ ಕಟ್ಟಬೇಕು ಅಂತ ಅಲ್ಲೇ ಕೇಳಿ.

ಗ್ರಾಚ್ಯುಟಿ ಫಾರ್ವರ್ಡ್ ಅರ್ಧ ಸತ್ಯ. ಒಂದು ವರ್ಷದ ನಿಯಮ ನಿಗದಿತ ಅವಧಿಗೆ ಕರಾರು ಮಾಡಿಕೊಂಡವರಿಗೆ. ಕಾಯಂ ಇರುವವರಿಗೆ ಐದು ವರ್ಷವೇ.

ಯೂನಿಫಾರ್ಮ್ ಅಂಗಡಿ, ದಾವಣಗೆರೆ:
ಟಿಕ್ ಇತ್ತು ಅಕ್ಕ! ಮಾಸ್ಟರ್‌ಗೂ ವಿವರಿಸಿದೆ. ನಮ್ಮ ಕಡೆಯಿಂದಲೂ ಪಿಎಫ್‌ಗೆ 300 ಜಾಸ್ತಿ ಹೋಗುತ್ತದೆ ಅಂದ ಮೇಲೆ ಸಮಾಧಾನ ಆದರು. ವೃತ್ತಿ ತೆರಿಗೆಗೆ ಮಾತ್ರ ಇನ್ನೂ ಬೈಯುತ್ತಿದ್ದಾರೆ. ಇವನ್ನೆಲ್ಲ ನೀವು ಹೇಗೆ ಗಮನಿಸುತ್ತೀರಿ? ನಮಗೆ ಅಂಗಡಿ ನೋಡೋದೇ ಸಾಕಾಗುತ್ತದೆ.

ಲೆಡ್ಜರ್ ಅಕ್ಕ:
ಫಾರ್ವರ್ಡ್ ಬಂದಾಗ ಮೂರು ಪ್ರಶ್ನೆ ಕೇಳುತ್ತೇನೆ. ಎಷ್ಟು ಜನ ಇರುವವರಿಗೆ? ಯಾವ ತಾರೀಖಿನಿಂದ? ಕೇಂದ್ರದ್ದಾ, ರಾಜ್ಯದ್ದಾ? ಮೂರಕ್ಕೂ ಉತ್ತರ ಇಲ್ಲದ ಮೆಸೇಜನ್ನು ಓದುವುದೇ ಇಲ್ಲ. ಏಪ್ರಿಲ್ ಮೊದಲ ವಾರ ಮಾತ್ರ ತಪ್ಪದೆ ಕೂರುತ್ತೇನೆ, ಕನಿಷ್ಠ ವೇತನದ ತುಟ್ಟಿಭತ್ಯೆ ನಮ್ಮಲ್ಲಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ನಿಮ್ಮ ಹೊಲಿಯುವವರ ಸಂಬಳಕ್ಕೆ ಲೇಬರ್ ಕೋಡ್‌ಗಿಂತ ಅದೇ ಮುಖ್ಯ.

ಯೂನಿಫಾರ್ಮ್ ಅಂಗಡಿ, ದಾವಣಗೆರೆ:
ಕೊನೆಯದೊಂದು. ಹೊಸದಾಗಿ ಸೇರಿದ ಹುಡುಗಿಗೆ ಪಿಎಫ್ ಪೋರ್ಟಲ್‌ನಲ್ಲಿ ಯುಎಎನ್ (ಪಿಎಫ್ ಸದಸ್ಯರ ಕಾಯಂ ನಂಬರ್) ಮಾಡಲು ಆಗುತ್ತಿಲ್ಲ. ಮೊದಲೆಲ್ಲ ನಾವೇ ಮಾಡುತ್ತಿದ್ದೆವು.

ಚಳ್ಳಕೆರೆ ಎಣ್ಣೆಮಿಲ್:
ಇದು ನನಗೆ ಗೊತ್ತು ಸರ್. 2025ರ ಆಗಸ್ಟ್‌ನಿಂದ ಅವರೇ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡಿಕೊಳ್ಳಬೇಕು. ಫೋನ್‌ನಲ್ಲಿ ಆಧಾರ್ ಫೇಸ್ ಆರ್‌ಡಿ ಆ್ಯಪ್ ಕೂಡ ಇರಬೇಕು, ಇಲ್ಲದಿದ್ದರೆ ಕ್ಯಾಮೆರಾ ತೆರೆಯೋದೇ ಇಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಕೈಯಲ್ಲಿರಲಿ, ಒಟಿಪಿ ಅದಕ್ಕೇ ಬರೋದು. ಟ್ಯೂಬ್‌ಲೈಟ್ ಕೆಳಗೆ ಪದೇ ಪದೇ ಫೇಲ್ ಆಗುತ್ತದೆ. ಅಂಗಡಿ ಬಾಗಿಲಿಗೆ ಬಂದು ಬೆಳಕಿಗೆ ಮುಖ ಮಾಡಿ ನಿಲ್ಲಲು ಹೇಳಿ. 15ನೇ ತಾರೀಖಿನ ಒಳಗೆ ಮುಗಿಸಿ, ಈ ತಿಂಗಳ ಚಲನ್‌ಗೇ ಅವರನ್ನು ಸೇರಿಸಬಹುದು.