ಡಾಫ್ನಿಯಾ ಎದೆಬಡಿತಕ್ಕೆ ಕಾಫಿ ಡಿಕಾಕ್ಷನ್ ಸಾಕಾ, ಕೆಫೀನೇ ಬೇಕಾ?

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿ, ಚಿಕ್ಕಮಗಳೂರು):
ಕೆಫೀನಿನಿಂದ ಎದೆಬಡಿತ ಬದಲಾಗುತ್ತಾ ಅಂತ ನೋಡುವ ಪ್ರಾಜೆಕ್ಟ್‌ಗೆ ಕೆರೆಯಿಂದ ಡಾಫ್ನಿಯಾ (ನೀರಿನ ಪುಟ್ಟ ಜೀವಿ) ಹಿಡಿದು ತಂದಿದ್ದೇವೆ. ಮೈ ಗಾಜಿನ ಹಾಗಿದೆ, ಬೆನ್ನಿನ ಕಡೆ ಹೃದಯ ಬಡಿಯುವುದು ಮೈಕ್ರೋಸ್ಕೋಪಿನಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಎಣಿಸಲು ಆಗುತ್ತಿಲ್ಲ, ಅಷ್ಟು ಜೋರು! ಮತ್ತೆ, ಕೆಫೀನಿನ ಬದಲು ಮನೆಯ ಡಿಕಾಕ್ಷನ್ ಹಾಕಿದರೆ ನಡೆಯುತ್ತಾ?

ಉತ್ತರ 1:
ಕಣ್ಣಲ್ಲಿ ಎಣಿಸಬೇಡಿ. ನಿಮಿಷಕ್ಕೆ 200 ದಾಟುವುದು ಮಾಮೂಲು. ಮೊಬೈಲ್ ಐಪೀಸಿಗೆ ಹಿಡಿದು 10 ಸೆಕೆಂಡ್ ಸ್ಲೋ ಮೋಷನ್ ವಿಡಿಯೋ ಮಾಡಿ, ನಿಧಾನವಾಗಿ ಎಣಿಸಿ, 6ರಿಂದ ಗುಣಿಸಿ.

ಉತ್ತರ 2:
ಡಿಕಾಕ್ಷನ್ ಬೇಡವೇ ಬೇಡ. ನಮ್ಮೂರ ಪುಡಿಯಲ್ಲಿ ಚಿಕೋರಿ ಎಷ್ಟಿದೆಯೋ, ಚಿಕೋರಿಯಲ್ಲಿ ಕೆಫೀನೇ ಇಲ್ಲ, ರೋಬಸ್ಟಾ ಕಾಫಿಯಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು, ಅದರ ಮೇಲೆ ಕಾಫಿಯ ಆಮ್ಲ ಬೇರೆ, ಬಡಿತ ಬದಲಾದರೆ ಯಾವುದರಿಂದ ಅಂತ ಹೇಳುತ್ತೀರಿ? ತೂಕ ಮಾಡಿದ ಕೆಫೀನನ್ನು ಅದೇ ಕೆರೆ ನೀರಿನಲ್ಲಿ ಕರಗಿಸಿ. ತೀರಾ ಕಡಿಮೆಯಿಂದ ಶುರು ಮಾಡಿ, ಜಾಸ್ತಿಯಾದರೆ ಸತ್ತೇ ಹೋಗುತ್ತವೆ.

ಉತ್ತರ 3:
ಮೈಕ್ರೋಸ್ಕೋಪ್ ಬಲ್ಬಿನ ಬಿಸಿಯನ್ನು ಮರೆಯಬೇಡಿ. ಸ್ಲೈಡಿನ ಹನಿ ಸ್ವಲ್ಪ ಬೆಚ್ಚಗಾದರೂ ಸುಮ್ನೆ ಬಡಿತ ಏರುತ್ತದೆ. ನಮ್ಮ ಕಡೆಯ ಬೆಳಗಿನ ಚಳಿಯಲ್ಲಿ ತೆಗೆದ ಲೆಕ್ಕವನ್ನು ಮಧ್ಯಾಹ್ನದ್ದಕ್ಕೆ ಹೋಲಿಸಲೂಬೇಡಿ. ಹೋಲಿಕೆಗೆ ಕೆಲವು ಡಾಫ್ನಿಯಾಗಳನ್ನು ಕೆಫೀನ್ ಹಾಕದ ಬರೀ ನೀರಿನಲ್ಲಿಟ್ಟು ಅಷ್ಟೇ ಹೊತ್ತು ನೋಡಿ.

ಪ್ರಶ್ನೆ ಕೇಳಿದವರು:
ಲ್ಯಾಬಿನಲ್ಲಿ ಕೆಫೀನ್ ಇದೆ, ಎಲ್‌ಇಡಿ ಮೈಕ್ರೋಸ್ಕೋಪ್ ಕೂಡ. ನಾಳೆಯೇ ನೋಡುತ್ತೇವೆ.