ನಾಲ್ಕು ಜನ ಸುತ್ತಿಕೊಂಡರೆ ಏನು ಮಾಡ್ತೀರಿ? ‘ರೈಸ್’ ಆಡಿದವರು ಹೇಳಿ

ಪ್ರಶ್ನೆ: ಸೇಲ್‌ನಲ್ಲಿ ‘ರೈಸ್: ಸನ್ ಆಫ್ ರೋಮ್’ ಅನ್ನೋ ಕತ್ತಿ ಕಾಳಗದ ವಿಡಿಯೊ ಗೇಮ್ ತಗೊಂಡೆ, ಪಿಸಿಯಲ್ಲಿ ಆಡುತ್ತಿದ್ದೇನೆ. ಒಬ್ಬಿಬ್ಬರಾದರೆ ಪರವಾಗಿಲ್ಲ. ನಾಲ್ಕು ಜನ ಒಟ್ಟಿಗೆ ಬಂದರೆ ಕಥೆ ಮುಗೀತು. ಕೊಲೊಸಿಯಮ್ ಒಳಗಿನ, ಅಂದರೆ ರೋಮ್‌ನ ಹಳೇ ಕಣದಲ್ಲಿ ಜನರ ಮುಂದೆ ಕಾದಾಡೋ ಗ್ಲಾಡಿಯೇಟರ್ ಮೋಡ್‌ನಲ್ಲಂತೂ ನಿಲ್ಲೋಕೇ ಆಗುತ್ತಿಲ್ಲ. ನೀವೆಲ್ಲ ಹೇಗೆ ಆಡಿದಿರಿ? ಇಂಥದ್ದೇ ಬೇರೆ ಗೇಮ್ ಇದ್ದರೂ ಹೇಳಿ.

ಕರಾವಳಿ ಗೇಮರ್: ಗುರು, ಮೊದಲು ಕತ್ತಿ ಬಟನ್ ಕುಟ್ಟೋದು ಬಿಡಿ. ಈ ಗೇಮ್ ನಿಂತಿರೋದೇ ಗುರಾಣಿ ಮೇಲೆ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಆದರೆ ಎಕ್ಸ್ ಬಟನ್ ಕತ್ತಿಗೆ, ವೈ ಗುರಾಣಿ ಏಟಿಗೆ, ಎ ತಡೆಯೋಕೆ, ಬಿ ಉರುಳಿ ತಪ್ಪಿಸಿಕೊಳ್ಳೋಕೆ. ನಾಲ್ಕು ಜನ ಸುತ್ತಿಕೊಂಡಾಗ ನಾಲ್ವರೂ ಒಟ್ಟಿಗೆ ಹೊಡೆಯಲ್ಲ, ಸರದಿ ಪ್ರಕಾರ ಬರುತ್ತಾರೆ. ಯಾರ ತೋಳು ಮೇಲೆದ್ದಿದೆ ಅಂತ ನೋಡುತ್ತಿರಿ. ಏಟು ಬೀಳೋ ಹೊತ್ತಿಗೆ ಸರಿಯಾಗಿ ಎ ಒತ್ತಿದರೆ ಅವನು ತತ್ತರಿಸುತ್ತಾನೆ. ಆಗ ಕತ್ತಿ ಬೀಸಿ. ಎದುರಿನವನ ಹತ್ತಿರವೂ ಗುರಾಣಿ ಇದ್ದರೆ ಮೊದಲು ವೈ ಕೊಟ್ಟು ಅವನ ಕಾವಲು ಸಡಿಲ ಮಾಡಬೇಕು, ಇಲ್ಲದಿದ್ದರೆ ಕತ್ತಿ ಸುಮ್ನೆ ಗುರಾಣಿಗೆ ತಾಗುತ್ತೆ.

ಎದುರಾಳಿಯ ತಲೆ ಮೇಲೆ ಬುರುಡೆ ಗುರುತು ಬಂತಾ, ಬಲಗಡೆ ಟ್ರಿಗರ್ ಎಳೆಯಿರಿ. ಆಟ ನಿಧಾನವಾಗುತ್ತೆ. ಎದುರಾಳಿಯ ಮೈ ನೀಲಿ ಹೊಳೆದರೆ ಎಕ್ಸ್, ಹಳದಿ ಹೊಳೆದರೆ ವೈ. ತಪ್ಪು ಬಟನ್ ಒತ್ತಿದರೂ ಅವನು ಸಾಯುತ್ತಾನೆ, ನಿಮಗೆ ಸಿಗೋ ಲಾಭ ಮಾತ್ರ ಕಡಿಮೆ. ಆ ಲಾಭ ಏನಿರಬೇಕು ಅಂತ ಕಂಟ್ರೋಲರ್‌ನ ನಾಲ್ಕು ದಿಕ್ಕಿನ ಬಟನ್, ಅಂದರೆ ಡಿ-ಪ್ಯಾಡ್‌ನಲ್ಲಿ ಮೊದಲೇ ಆರಿಸಿಕೊಳ್ಳಬಹುದು. ಜೀವ ಕಡಿಮೆ ಇದ್ದಾಗ ಆರೋಗ್ಯ ಹಾಕಿ, ಉಳಿದಂತೆ ಅನುಭವದ ಅಂಕ. ಇದನ್ನು ಗಮನಿಸದೆ ಅರ್ಧ ಗೇಮ್ ಮುಗಿಸಿದವರನ್ನು ನೋಡಿದ್ದೇನೆ!

ಮೈಸೂರು ಪಾಕ್: ಮೇಲಿನ ಮಾತಿಗೆ ನನ್ನದೂ ಒಂದು ವೋಟು. ಗ್ಲಾಡಿಯೇಟರ್ ಮೋಡ್‌ನಲ್ಲಿ ಇನ್ನೊಂದು ವಿಷಯ: ಅಲ್ಲಿ ಬದುಕಿ ಉಳಿದರಷ್ಟೇ ಸಾಲದು, ಜನ ಮೆಚ್ಚಬೇಕು. ಒಂದೇ ಏಟು ಮತ್ತೆ ಮತ್ತೆ ಹಾಕಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಬದಲಾಯಿಸುತ್ತಾ ಹೊಡೆಯಿರಿ.

ಹಳೇ ಪ್ಲೇಸ್ಟೇಷನ್: ಪ್ರೇಕ್ಷಕರ ವಿಷಯ ಬಂದರೆ 2005ರ ‘ಶ್ಯಾಡೋ ಆಫ್ ರೋಮ್’ ಮುಂದೆ ಯಾವುದೂ ಇಲ್ಲ. ಗೇಮ್ ಕಂಪನಿ ಕ್ಯಾಪ್‌ಕಾಮ್‌ನವರದ್ದು, ಪ್ಲೇಸ್ಟೇಷನ್ 2ಗೆ ಮಾತ್ರ ಬಂತು. ಆಡುತ್ತಾ ಆಡುತ್ತಾ ಕೈಯಲ್ಲಿರೋ ಆಯುಧ ಮುರಿದುಹೋಗುತ್ತೆ. ಆಗ ಗ್ಯಾಲರಿ ಕಡೆ ತಿರುಗಿ ಕೈಯೆತ್ತಿದರೆ, ಖುಷಿಯಾಗಿರೋ ಜನ ಮೇಲಿಂದ ಹೊಸ ಆಯುಧ ಎಸೆಯುತ್ತಾರೆ. ಕಣದಲ್ಲಿ ಕಾದಾಡೋ ನಾಯಕ ಅಗ್ರಿಪ್ಪನ ಭಾಗ ಚಿನ್ನ. ಇನ್ನೊಬ್ಬ ನಾಯಕ ಆಕ್ಟೇವಿಯನ್ ಕದ್ದುಮುಚ್ಚಿ ಓಡಾಡೋ ಭಾಗ ಮಾತ್ರ ನಿದ್ದೆ ಬರಿಸುತ್ತೆ.

ಪಿಸಿಯಲ್ಲೇ ಬೇಕು, ಸೋತರೂ ಚಿಂತೆ ಇಲ್ಲ ಅಂದರೆ ‘ವೀ ಹೂ ಆರ್ ಅಬೌಟ್ ಟು ಡೈ’. ಮೌಸ್ ಎಷ್ಟು ಜೋರಾಗಿ ಬೀಸುತ್ತೀರೋ ಏಟು ಅಷ್ಟು ಜೋರು. ದಮ್ಮು ಮುಗಿದರೆ ನೀವೂ ಮುಗಿದಿರಿ. ಸತ್ತರೆ ಆ ಆಳು ಹೋದ ಹಾಗೆಯೇ, ಹೊಸಬನನ್ನು ಆರಿಸಿ ಮತ್ತೆ ಶುರು.

ಇತಿಹಾಸ ಮೇಷ್ಟ್ರು: ಆಟದ ಬಗ್ಗೆ ನಾನೇನು ಹೇಳಲಿ, ಮಗನ ಪಕ್ಕ ಕೂತು ನೋಡಿದವನು. ಕಥೆಯನ್ನು ಮಾತ್ರ ಪಾಠ ಅಂದುಕೊಳ್ಳಬೇಡಿ. ‘ರೈಸ್’ನಲ್ಲಿ ನೀರೋ ಚಕ್ರವರ್ತಿ ಇರುವಾಗಲೇ ಕೊಲೊಸಿಯಮ್ ನಿಂತಿದೆ. ನೀರೋ ಸತ್ತಿದ್ದು ಕ್ರಿ.ಶ. 68ರಲ್ಲಿ, ಕೊಲೊಸಿಯಮ್ ಉದ್ಘಾಟನೆ ಆಗಿದ್ದು 80ರಲ್ಲಿ. ಕಮೋಡಸ್ ಆ ಗೇಮ್‌ನಲ್ಲಿ ನೀರೋನ ಮಗ! ನಿಜವಾದ ಕಮೋಡಸ್ ನೂರು ವರ್ಷ ಆಮೇಲಿನ ಚಕ್ರವರ್ತಿ, ತಂದೆ ಚಕ್ರವರ್ತಿ ಮಾರ್ಕಸ್ ಅರೇಲಿಯಸ್. ಅವನು ತಾನೇ ಕಣಕ್ಕಿಳಿದು ಕಾದಾಡುತ್ತಿದ್ದದ್ದು ಮಾತ್ರ ನಿಜ.

ಮೇಲೆ ಹೇಳಿದ ದಮ್ಮಿನ ಲೆಕ್ಕಾಚಾರವೂ ನಿಜವೇ. ಬಲೆ, ತ್ರಿಶೂಲ ಹಿಡಿದ ರೆಟಿಯಾರಿಯಸ್ ಅನ್ನೋ ಬಗೆಯ ಗ್ಲಾಡಿಯೇಟರ್ ಶಿರಸ್ತ್ರಾಣ ಹಾಕುತ್ತಿರಲಿಲ್ಲ. ಅವನ ಎದುರಾಳಿ ಸೆಕ್ಯೂಟರ್‌ಗೆ ಬಲೆ ಸಿಕ್ಕಿಕೊಳ್ಳದ ಹಾಗೆ ನುಣ್ಣನೆಯ ಶಿರಸ್ತ್ರಾಣ, ಕಣ್ಣಿಗೆ ಎರಡೇ ಸಣ್ಣ ತೂತು. ಒಳಗೆ ಉಸಿರಾಡೋದೇ ಕಷ್ಟ. ಹಾಗಾಗಿ ಬಲೆಯವನು ದೂರ ದೂರ ಓಡಿ ಅವನನ್ನು ಸುಸ್ತು ಮಾಡಬಹುದಿತ್ತು, ಸೆಕ್ಯೂಟರ್ ಬೇಗ ಹತ್ತಿರ ನುಗ್ಗಬೇಕಿತ್ತು.

ಕರಾವಳಿ ಗೇಮರ್: ಮೇಷ್ಟ್ರೇ, ಮಗನ ವಯಸ್ಸೆಷ್ಟು? ‘ರೈಸ್’ಗೆ ಯುರೋಪಿನಲ್ಲಿ 18 ದಾಟಿದವರಿಗೆ ಮಾತ್ರ ಅಂತ ಮುದ್ರೆ ಇದೆ. ಕೈ ಕಡಿಯೋದನ್ನೆಲ್ಲ ಹತ್ತಿರದಿಂದ ತೋರಿಸುತ್ತಾರೆ.

ಇತಿಹಾಸ ಮೇಷ್ಟ್ರು: ಇಂಜಿನಿಯರಿಂಗ್ ಕೊನೆ ವರ್ಷ ಕಣಪ್ಪಾ. ಕಣ್ಣು ಮುಚ್ಚಿಕೊಳ್ಳೋದು ನಾನೇ.